ಪಾಸ್‌ಪೋರ್ಟ್ ಅಚ್ಚಾಗುವುದು ನಾಸಿಕ್‌ನಲ್ಲಿ, ಹುಟ್ಟಿದ ದಾಖಲೆ ಇರುವುದೆಲ್ಲಿ?

ಹೋದ ವರ್ಷ ಒಂದು ರಾತ್ರಿ ಟೊರೊಂಟೊದಿಂದ ಅಕ್ಕನ ಮಗಳ ಫೋನು ಬಂತು. "ಮಾಮಾ, ನಾ ಹುಟ್ಟಿದ್ದು ನಾಸಿಕ್‌ದಾಗ ಅಲ್ಲೇನು?"

"ಅಲ್ಲವ್ವಾ, ಹುಬ್ಬಳ್ಯಾಗ. ನಮ್ಮ ಮನಿಯಾಗ ಬಾಣಂತನ ಆಗಿದ್ದು."

ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಅವಳ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ನಾಸಿಕ್ ಎಂದಿದೆ. ಅಲ್ಲಿನ ಕಚೇರಿಯವರು ಜನನ ಪ್ರಮಾಣಪತ್ರ ಕೇಳಿದ್ದಾರೆ. ನಾಸಿಕ್‌ನಲ್ಲಿರುವ ಗೆಳತಿಯೊಬ್ಬಳ ಕೈಲಿ ಅರ್ಜಿ ಹಾಕಿಸಿದರೆ ಆ ಹೆಸರು, ಆ ತಾರೀಖಿನ ದಾಖಲೆಯೇ ಇಲ್ಲ ಎಂಬ ಉತ್ತರ ಬಂದಿದೆ. ಇರುವುದಾದರೂ ಹೇಗೆ? ಭಾವ ನಾಸಿಕ್ ಬಳಿಯ ಓಝರ್‌ನ ಎಚ್‌ಎಎಲ್ ವಿಮಾನ ಕಾರ್ಖಾನೆಯಲ್ಲಿದ್ದರು, ಅಕ್ಕ ಏಳನೇ ತಿಂಗಳಿಗೆ ತವರಿಗೆ ಬಂದಳು, ಹೆರಿಗೆ ಹುಬ್ಬಳ್ಳಿಯಲ್ಲಾಯಿತು, ಮಗು ಐದನೇ ತಿಂಗಳಿಗೆ ಓಝರ್‌ಗೆ ಹೋಯಿತು. ಶಾಲೆಗೆ ಸೇರಿಸುವಾಗ ಹುಟ್ಟಿದ ಊರು ಯಾವುದು ಎಂದು ಕೇಳಿದ್ದಕ್ಕೆ ಭಾವ ನಾಸಿಕ್ ಎಂದು ಬರೆಸಿದರು. ಅಲ್ಲಿಂದ ಅದು ಶಾಲೆ ಬಿಟ್ಟ ಪ್ರಮಾಣಪತ್ರಕ್ಕೆ, ಆ ಪತ್ರದಿಂದ ಪಾಸ್‌ಪೋರ್ಟಿಗೆ ಬಂತು. ಸುಳ್ಳು ಹೇಳಬೇಕೆಂದು ಯಾರೂ ಹೇಳಿದ್ದಲ್ಲ. ಮೂವತ್ತು ವರ್ಷ ಯಾರೂ ಕೇಳಲೂ ಇಲ್ಲ.

ಇಂಥ ಮನೆಗಳು ಒಂದೆರಡಲ್ಲ. 1964ರಲ್ಲಿ ಮಿಗ್-21 ವಿಮಾನಗಳಿಗಾಗಿ ಓಝರ್‌ನಲ್ಲಿ ಎಚ್‌ಎಎಲ್ ಘಟಕ ಶುರುವಾದಾಗ ಬೆಂಗಳೂರಿನಿಂದ ಹೋದವರಿದ್ದಾರೆ. ಬೆಂಗಳೂರಿನ ಮೈಕೊ ಕಾರ್ಖಾನೆ, ಅಂದರೆ ಇಂದಿನ ಬಾಷ್, ನಾಸಿಕ್‌ನ ಸಾತ್‌ಪುರದಲ್ಲಿ ಘಟಕ ತೆರೆದಾಗ ಹೋದವರಿದ್ದಾರೆ. ಆಗ ಔರಂಗಾಬಾದ್ ಎನ್ನುತ್ತಿದ್ದ ಛತ್ರಪತಿ ಸಂಭಾಜಿನಗರದ ವಾಳೂಜ್, ಚಿಕಲ್‌ಠಾಣಾ ಕಾರ್ಖಾನೆಗಳಿಗೆ ಬೀದರ್, ಕಲಬುರಗಿ ಕಡೆಯಿಂದ ಹೋದವರೂ ಇದ್ದಾರೆ. ಅವರ ಮಕ್ಕಳು ಈಗ ದುಬೈ, ಮ್ಯೂನಿಕ್, ಡಲ್ಲಾಸ್, ಟೊರೊಂಟೊದಲ್ಲಿದ್ದಾರೆ. ಅಲ್ಲಿ ಕುಳಿತು ತಾವು ಭಾರತದ ನಾಗರಿಕರೆಂದು, ಅಥವಾ ಭಾರತೀಯರ ಮಕ್ಕಳೆಂದು ತೋರಿಸಬೇಕಾಗಿ ಬಂದಾಗ ಏನು ಮಾಡಬೇಕು ಎನ್ನುವುದು ಈ ಲೇಖನದ ವಿಷಯ.

ಯಾವುದು ಪುರಾವೆ, ಯಾವುದು ಅಲ್ಲ

ನಮ್ಮ ದೇಶದಲ್ಲಿ ಎಲ್ಲರಿಗೂ ಕೊಡುವ ಪೌರತ್ವದ ಕಾರ್ಡು ಎಂಬುದಿಲ್ಲ. ನೋಂದಣಿಯಿಂದ ಅಥವಾ ದೇಶೀಕರಣದಿಂದ ನಾಗರಿಕರಾದವರಿಗೆ ಮಾತ್ರ ಸರ್ಕಾರ ಪ್ರಮಾಣಪತ್ರ ಕೊಡುತ್ತದೆ. ಇಲ್ಲಿ ಹುಟ್ಟಿ ಬೆಳೆದ ನಮಗೆ ಅಂಥದ್ದೊಂದು ಕಾಗದ ಸಿಕ್ಕಿರುವುದಿಲ್ಲ. ಆಧಾರ್ ಪೌರತ್ವದ ಪುರಾವೆಯಲ್ಲ ಎಂದು 2016ರ ಆಧಾರ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ. ಪ್ಯಾನ್ ಕಾರ್ಡು ತೆರಿಗೆಗೆ. ಆಧಾರ್, ಪ್ಯಾನ್, ಮತದಾರರ ಚೀಟಿ ಇದ್ದ ಮಾತ್ರಕ್ಕೆ ಯಾರೂ ಭಾರತದ ನಾಗರಿಕರಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಒಂದು ಜಾಮೀನು ಅರ್ಜಿಯ ಆದೇಶದಲ್ಲಿ ಹೇಳಿತು.

ಪರದೇಶದಲ್ಲಿರುವವರಿಗೆ ದಿನನಿತ್ಯ ನಡೆಯುವ ಪುರಾವೆ ಪಾಸ್‌ಪೋರ್ಟ್. ಹುಬ್ಬಳ್ಳಿಯವರಿಗಿರಲಿ, ಗುವಾಹಟಿಯವರಿಗಿರಲಿ, ಆ ಪುಸ್ತಕ ಅಚ್ಚಾಗುವುದು ನಾಸಿಕ್ ರೋಡ್‌ನ ಇಂಡಿಯಾ ಸೆಕ್ಯುರಿಟಿ ಪ್ರೆಸ್‌ನಲ್ಲಿ. 1920ರ ದಶಕದಲ್ಲಿ ಅಂಚೆಚೀಟಿ ಮುದ್ರಿಸಲು ಹುಟ್ಟಿದ ಈ ಮುದ್ರಣಾಲಯ ಈಗ ಚಿಪ್ ಇರುವ ಇ-ಪಾಸ್‌ಪೋರ್ಟನ್ನೂ ಮಾಡುತ್ತದೆ. ಪುಸ್ತಕ ಎಷ್ಟೇ ಭದ್ರವಾಗಿದ್ದರೂ ಅದರೊಳಗೆ ಬರೆದದ್ದು ನಾವು ಕೊಟ್ಟ ಕಾಗದಗಳ ಮೇಲೆ ನಿಂತಿದೆ. ಆ ಕಾಗದಗಳಲ್ಲಿ ಮೊದಲನೆಯದು ಜನನ ನೋಂದಣಿ. ಅದರಲ್ಲೂ 2023ರ ಅಕ್ಟೋಬರ್ 1 ಮತ್ತು ಅನಂತರ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಜನ್ಮದಿನಾಂಕದ ಪುರಾವೆಯಾಗಿ ಜನನ ಪ್ರಮಾಣಪತ್ರ ಒಂದನ್ನೇ ಒಪ್ಪುತ್ತಾರೆ. 2025ರಲ್ಲಿ ಪಾಸ್‌ಪೋರ್ಟ್ ನಿಯಮ ಹಾಗೆ ತಿದ್ದುಪಡಿಯಾಗಿದೆ. ಅದಕ್ಕೂ ಮೊದಲು ಹುಟ್ಟಿದವರಿಗೆ ಶಾಲೆಯ ಪ್ರಮಾಣಪತ್ರ, ಪ್ಯಾನ್, ಚಾಲನಾ ಪರವಾನಗಿಯಂಥವು ಈಗಲೂ ನಡೆಯುತ್ತವೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಭಾರತದಲ್ಲಿ ಹುಟ್ಟಿದರೆ ಸಾಕು, ನಾಗರಿಕರು ಎಂಬ ಮಾತು 1987ರ ಜುಲೈ 1ಕ್ಕಿಂತ ಮುಂಚೆ ಹುಟ್ಟಿದವರಿಗೆ ಸರಿ. ಆ ದಿನದಿಂದ 2004ರ ಡಿಸೆಂಬರ್ ಆರಂಭದವರೆಗೆ ಹುಟ್ಟಿದವರಾದರೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತದ ನಾಗರಿಕರಾಗಿರಬೇಕು. 2004ರ ಡಿಸೆಂಬರ್ 3ರಿಂದೀಚೆಗೆ ಹುಟ್ಟಿದವರಿಗೆ ತಂದೆ ತಾಯಿ ಇಬ್ಬರೂ ನಾಗರಿಕರಾಗಿರಬೇಕು, ಅಥವಾ ಒಬ್ಬರು ನಾಗರಿಕರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಆದ್ದರಿಂದ 1987ರ ಈಚೆಗೆ ಹುಟ್ಟಿದವರು ತಮ್ಮ ಕಾಗದದ ಜೊತೆಗೆ ಅಪ್ಪ ಅಮ್ಮನ ಹಳೆಯ ಪಾಸ್‌ಪೋರ್ಟು, ಜನನ ಪತ್ರ, ಶಾಲೆಯ ದಾಖಲೆಗಳ ಪ್ರತಿಯನ್ನೂ ಇಟ್ಟುಕೊಳ್ಳಬೇಕು. ಅಪ್ಪ ತೀರಿಕೊಂಡಾಗ ಅವರ ಹಳೆಯ ಪಾಸ್‌ಪೋರ್ಟನ್ನು ಇನ್ನು ಯಾಕೆ ಬೇಕು ಎಂದು ಎಸೆಯಬೇಡಿ.

ಹುಟ್ಟಿದ ಜಾಗದ ರಿಜಿಸ್ಟರ್

1969ರ ಜನನ ಮರಣ ನೋಂದಣಿ ಕಾಯ್ದೆಯ ತಿರುಳು ಒಂದೇ. ಮಗು ಎಲ್ಲಿ ಹುಟ್ಟಿತೋ ಅಲ್ಲಿಯ ರಿಜಿಸ್ಟರ್‌ನಲ್ಲಿ ಬರೆಯಬೇಕು. ಅಪ್ಪನ ನೌಕರಿ ಎಲ್ಲಿತ್ತು, ರೇಷನ್ ಕಾರ್ಡು ಎಲ್ಲಿತ್ತು ಎಂಬುದು ಅದಕ್ಕೆ ಸಂಬಂಧವಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಾಗುವ ನಮ್ಮಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅಮ್ಮನಿಗೆ: ಯಾವ ಆಸ್ಪತ್ರೆ, ಯಾವ ಓಣಿ, ಯಾವ ಊರು? ಅಮ್ಮ ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಅಕ್ಕ ಮಂಚದ ಕೆಳಗಿನ ಕಬ್ಬಿಣದ ಟ್ರಂಕು ಎಳೆದು, ಕಸೂತಿ ಸೀರೆಯ ಅಡಿಯಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದಳು. ಒಳಗೆ ಆಸ್ಪತ್ರೆಯ ಹಳದಿ ಚೀಟಿ, ಮಗುವಿನ ತೂಕ, ಹುಟ್ಟಿದ ಹೊತ್ತು, ಲಸಿಕೆಯ ಕಾರ್ಡು. ಇಷ್ಟು ವರ್ಷ ಅದನ್ನೇ ಜನನ ಪತ್ರ ಎಂದು ನಂಬಿದ್ದಳು. ಆಸ್ಪತ್ರೆಯ ಚೀಟಿ ಜನನ ಪ್ರಮಾಣಪತ್ರವಲ್ಲ. ಆದರೆ ಅದರಲ್ಲಿದ್ದ ತಾರೀಖು ಮತ್ತು ಆಸ್ಪತ್ರೆಯ ಹೆಸರು ಹಿಡಿದುಕೊಂಡೇ ಹುಬ್ಬಳ್ಳಿಯಲ್ಲಿ ದಾಖಲೆ ಸಿಕ್ಕಿತು. ಅದರಲ್ಲಿ ಮಗುವಿನ ಹೆಸರೇ ಇರಲಿಲ್ಲ, "ಹೆಣ್ಣು ಮಗು" ಎಂದಷ್ಟೇ ಇತ್ತು. ತೊಟ್ಟಿಲ ಶಾಸ್ತ್ರ ಆಗುವ ಮುಂಚೆ ಆಸ್ಪತ್ರೆಯವರು ವರದಿ ಕಳಿಸಿದ್ದರೆ ಹೀಗಾಗುವುದು ಸಾಮಾನ್ಯ. ಹೆಸರು ಸೇರಿಸುವ ಅವಕಾಶ ಕಾಯ್ದೆಯ 14ನೇ ಕಲಮಿನಲ್ಲಿದೆ. ನಿಯಮದ ಪ್ರಕಾರ ಅದಕ್ಕೆ 15 ವರ್ಷದ ಗಡುವು. ಆಮೇಲೆ ಓಡಾಟ ಹೆಚ್ಚು.

ನಾಸಿಕ್‌ನಲ್ಲೇ ಹುಟ್ಟಿದವರು ಕೂಡ ನಾಸಿಕ್ ಎಂದರೆ ಯಾವ ನಾಸಿಕ್ ಎಂದು ನೋಡಿಕೊಳ್ಳಬೇಕು. ಮಹಾನಗರಪಾಲಿಕೆ ಆದದ್ದು 1982ರಲ್ಲಿ. ಅದಕ್ಕೆ ಮುಂಚೆ ಸಾತ್‌ಪುರ, ನಾಸಿಕ್ ರೋಡ್ ಕಡೆ ಬೇರೆ ಬೇರೆ ಸಂಸ್ಥೆಗಳಿದ್ದವು. ಈಗಲೂ ಪಾಲಿಕೆಯ ಕೆಲಸ ವಿಭಾಗ ಕಚೇರಿಗಳಲ್ಲಿ ಹಂಚಿಹೋಗಿದೆ. ಆಸ್ಪತ್ರೆ ಪಂಚವಟಿಯಲ್ಲಿತ್ತೋ ನಾಸಿಕ್ ರೋಡ್‌ನಲ್ಲಿತ್ತೋ ಗೊತ್ತಿದ್ದರೆ ಹುಡುಕುವುದು ಸುಲಭ. ದೇವಳಾಲಿಯ ದಂಡು ಪ್ರದೇಶದಲ್ಲಿ ಹುಟ್ಟಿದ್ದರೆ ಅದು ಕಂಟೋನ್ಮೆಂಟ್ ಬೋರ್ಡಿನ ದಾಖಲೆ. ಓಝರ್ ನಾಸಿಕ್ ಪಾಲಿಕೆಯೊಳಗೆ ಬರುವುದೇ ಇಲ್ಲ, ನಿಫಾಡ್ ತಾಲ್ಲೂಕಿನದು. ಅಲ್ಲಿ ಹುಟ್ಟಿದವರು ಓಝರ್‌ನ ಸ್ಥಳೀಯ ಸಂಸ್ಥೆಯಲ್ಲೇ ಕೇಳಬೇಕು. ಛತ್ರಪತಿ ಸಂಭಾಜಿನಗರದಲ್ಲೂ ಇದೇ ಕಥೆ. ಅಲ್ಲಿಯ ಮಹಾನಗರಪಾಲಿಕೆಯೂ 1982ರದ್ದೇ, ಛಾವಣಿ ಪ್ರದೇಶಕ್ಕೆ ಪ್ರತ್ಯೇಕ ಕಂಟೋನ್ಮೆಂಟ್ ಬೋರ್ಡು ಇದೆ.

ಇದಕ್ಕಾಗಿ ನೀವೇ ವಿಮಾನ ಹತ್ತಿ ಬರಬೇಕಾಗಿಲ್ಲ. ರಿಜಿಸ್ಟರ್ ಹುಡುಕಿಸಿ ಪ್ರತಿ ಪಡೆಯುವ ಹಕ್ಕನ್ನು ಕಾಯ್ದೆಯ 17ನೇ ಕಲಮು ಕೊಡುತ್ತದೆ. ಊರಿನಲ್ಲಿರುವ ತಮ್ಮನೋ ಚಿಕ್ಕಪ್ಪನೋ ಅರ್ಜಿ ಹಾಕಬಹುದು. ಅವರಿಗೆ ಒಂದು ಅಧಿಕಾರ ಪತ್ರ, ನಿಮ್ಮ ಪಾಸ್‌ಪೋರ್ಟಿನ ಪ್ರತಿ ಕಳಿಸಿ. ಕಚೇರಿ ಕೇಳಿದರೆ ನೀವಿರುವ ದೇಶದ ಭಾರತೀಯ ದೂತಾವಾಸದಲ್ಲಿ ಅಧಿಕಾರ ಪತ್ರ ದೃಢೀಕರಿಸಿ ಕಳಿಸಬಹುದು. ಮಹಾರಾಷ್ಟ್ರದಲ್ಲಿ 'ಆಪಲೆ ಸರ್ಕಾರ್' ಪೋರ್ಟಲ್, ಕರ್ನಾಟಕದಲ್ಲಿ 'ಇ-ಜನ್ಮ' ಇವೆ. ಇಂಥ ಪೋರ್ಟಲ್‌ಗಳಿಂದ ಸಹಾಯವಾಗುತ್ತದೆ, ಆದರೆ ಹಳೆಯ ದಾಖಲೆಗೆ ಯಾರಾದರೂ ಕಚೇರಿಗೆ ಹೋಗಿ ದಪ್ಪ ರಿಜಿಸ್ಟರ್ ತೆಗೆಸುವುದೇ ಬೇಗ. ಪ್ರತಿ ಇಂಗ್ಲಿಷಿನಲ್ಲಿಯೂ ಇರಲಿ ಎಂದು ಕೇಳಿ ಪಡೆಯಿರಿ. ಬರೀ ಮರಾಠಿಯಲ್ಲಿರುವ 'ಜನ್ಮ ದಾಖಲಾ' ಹಿಡಿದು ಹೊರದೇಶದಲ್ಲಿ ಅನುವಾದಕರ ಹಿಂದೆ ಓಡಬೇಕಾಗುತ್ತದೆ.

ದಾಖಲೆ ಸಿಗದೇ ಹೋದರೆ ಸುಮ್ಮನೆ ಬರಿಗೈಯಲ್ಲಿ ಬರಬೇಡಿ. ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನು ಬರೆಸಿಕೊಂಡು ಬನ್ನಿ. ಅಮೆರಿಕದ ವಲಸೆ ವೀಸಾದಂಥ ಕೆಲಸಗಳಿಗೆ ಈ ಪತ್ರ, ಶಾಲೆಯ ದಾಖಲೆ, ಹೆತ್ತವರ ಅಥವಾ ಹತ್ತಿರದ ಬಂಧುಗಳ ಅಫಿಡವಿಟ್ ಸೇರಿಸಿ ಕೊಟ್ಟರೆ ಪರಿಗಣಿಸುತ್ತಾರೆ. ಹೊಸದಾಗಿ ತಡವಾದ ನೋಂದಣಿ ಮಾಡಿಸುವುದು ಇನ್ನೊಂದು ದಾರಿ. ಹುಟ್ಟಿ ಒಂದು ವರ್ಷ ದಾಟಿದ್ದರೆ ಅದಕ್ಕೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ತಿದ್ದುಪಡಿಯ ಮೇಲೆ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಜಿಲ್ಲಾಧಿಕಾರಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಕೈಯಲ್ಲಿದೆ. ನಾಸಿಕ್ ಜಿಲ್ಲೆಯವರು ಇಲ್ಲಿ ಹೆಚ್ಚು ತಾಳ್ಮೆಯಿಂದಿರಬೇಕು. ಅದೇ ಜಿಲ್ಲೆಯ ಮಾಲೆಗಾಂವ್‌ನಲ್ಲಿ ಹೀಗೆ ತಡವಾಗಿ ಕೊಟ್ಟ ಜನನ ಪತ್ರಗಳ ಬಗ್ಗೆ ದೂರುಗಳೆದ್ದು 2025ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಆಮೇಲೆ ರಾಜ್ಯದಲ್ಲಿ ಇಂಥ ಅರ್ಜಿಗಳ ವಿಚಾರಣೆ ಬಿಗಿಯಾಗಿದೆ. ಏಜೆಂಟನೊಬ್ಬ ಎರಡೇ ದಿನದಲ್ಲಿ ಮಾಡಿಸಿಕೊಡುತ್ತೇನೆ ಎಂದರೆ ಒಪ್ಪಬೇಡಿ. ನಾಳೆ ಆ ಪತ್ರ ರದ್ದಾದರೆ ಅದರ ಮೇಲೆ ಕಟ್ಟಿದ ಎಲ್ಲವೂ ಅಲುಗಾಡುತ್ತದೆ.

ಔರಂಗಾಬಾದ್ ಎಂದಿದೆ, ಏನು ಮಾಡಲಿ?

ಕೇಂದ್ರ ಸರ್ಕಾರ 2023ರ ಫೆಬ್ರವರಿಯಲ್ಲಿ ಔರಂಗಾಬಾದ್ ನಗರದ ಹೊಸ ಹೆಸರಿಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜಿಲ್ಲೆ ಮತ್ತು ವಿಭಾಗದ ಹೆಸರೂ ಬದಲಾಯಿತು. ಅಲ್ಲಿ ಹುಟ್ಟಿ ಹೊರದೇಶದಲ್ಲಿರುವವರ ಪಾಸ್‌ಪೋರ್ಟಿನಲ್ಲಿ ಹಳೆಯ ಹೆಸರು, ಪಾಲಿಕೆಯಿಂದ ಈಗ ಪಡೆದ ಪ್ರತಿಯ ತಲೆಬರಹದಲ್ಲಿ ಹೊಸ ಹೆಸರು. ಪರದೇಶದ ಗುಮಾಸ್ತರಿಗೆ ಇವೆರಡೂ ಒಂದೇ ಊರು ಎಂದು ಗೊತ್ತಿರುವುದಿಲ್ಲ. ಬಿಹಾರದಲ್ಲೂ ಒಂದು ಔರಂಗಾಬಾದ್ ಜಿಲ್ಲೆ ಇರುವುದರಿಂದ ಗೊಂದಲ ಇನ್ನೂ ಹೆಚ್ಚು. ಕರ್ನಾಟಕದವರಿಗೆ ಇದು ಹೊಸತಲ್ಲ. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು.

ಊರಿನ ಹೆಸರು ಬದಲಾದದ್ದರಿಂದ ನಿಮ್ಮ ಹಳೆಯ ಕಾಗದ ಸುಳ್ಳಾಗುವುದಿಲ್ಲ. ಹಳೆಯ ಜನನ ಪತ್ರವನ್ನು ಕೊಟ್ಟು ಹೊಸದನ್ನು ತರುವ ಬದಲು ಎರಡನ್ನೂ ಇಟ್ಟುಕೊಳ್ಳಿ, ಜೊತೆಗೆ ಹೆಸರು ಬದಲಾದ ಸರ್ಕಾರಿ ಅಧಿಸೂಚನೆಯ ಪ್ರತಿ ಇಡಿ. ಅರ್ಜಿಗಳಲ್ಲಿ ಊರಿನ ಮುಂದೆ ರಾಜ್ಯದ ಹೆಸರನ್ನು ಎಂದೂ ಬಿಡಬೇಡಿ. ನಾಸಿಕ್‌ನ ಇಂಗ್ಲಿಷ್ ಕಾಗುಣಿತವೂ ಎರಡು ಬಗೆ, 'ಎಚ್' ಇರುವುದು ಮತ್ತು ಇಲ್ಲದ್ದು. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ಎಲ್ಲ ಕಡೆ ಬರೆಯಿರಿ.

ಅಜ್ಜನ ಕಾಗದ ಹುಡುಕುವವರಿಗೆ ಇನ್ನೊಂದು ಮಾತು. ಔರಂಗಾಬಾದ್, ಬೀದರ್, ಕಲಬುರಗಿ, ರಾಯಚೂರು ಇವೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಸೆಪ್ಟೆಂಬರ್ 17ರಂದು ಆ ಆಳ್ವಿಕೆ ಮುಗಿದು, 1956ರ ನವೆಂಬರ್ 1ರಂದು ಔರಂಗಾಬಾದ್ ಇರುವ ಮರಾಠವಾಡಾ ಮುಂಬಯಿ ರಾಜ್ಯಕ್ಕೆ, ಉಳಿದ ಮೂರು ಮೈಸೂರು ರಾಜ್ಯಕ್ಕೆ ಸೇರಿದವು. ಆದ್ದರಿಂದ ಅಜ್ಜನ ಕಾಲದ ಜಮೀನಿನ ಕಾಗದ, ಶಾಲೆಯ ದಾಖಲೆ ಉರ್ದುವಿನಲ್ಲಿರಬಹುದು. ಓದಲು ಬಾರದೆಂದು ಬದಿಗಿಡಬೇಡಿ, ಅನುವಾದ ಮಾಡಿಸಿ. ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡಿಗೆ, ಅಂದರೆ ಒಸಿಐಗೆ, 1947ರ ಆಗಸ್ಟ್ 15ರ ನಂತರ ಭಾರತಕ್ಕೆ ಸೇರಿದ ಪ್ರದೇಶದವರೂ ಅರ್ಹರು ಎಂದು ಪೌರತ್ವ ಕಾಯ್ದೆ ಬಿಡಿಸಿ ಹೇಳಿದೆ. ಮಗ, ಮೊಮ್ಮಗ, ಮರಿಮಗನವರೆಗೆ ಅರ್ಹತೆ ಇಳಿದು ಬರುತ್ತದೆ.

ಆಡನಾವ್ ಮತ್ತು ಇನಿಷಿಯಲ್

ಊರಿಗಿಂತ ದೊಡ್ಡ ತೊಡಕು ಹೆಸರಿನದು. ಹಳೆಯ ಮೈಸೂರಿನ ಕಡೆಯ ನಮ್ಮವರ ಹೆಸರಿಗೆ ಮುಂದೆ ಎರಡು ಇನಿಷಿಯಲ್, ಒಂದು ಊರಿನದು, ಒಂದು ಅಪ್ಪನದು. ಮಹಾರಾಷ್ಟ್ರದಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಆಡನಾವ್ (ಅಂದರೆ ಮನೆತನದ ಹೆಸರು) ಎಂಬ ಮೂರು ಖಾನೆ. ಆಡನಾವ್ ಇಲ್ಲ ಎಂದರೆ ಖಾನೆ ಖಾಲಿ ಬಿಡುವ ರೂಢಿ ಇಲ್ಲ, ಅಪ್ಪನ ಹೆಸರೋ ಊರ ಹೆಸರೋ ಅಲ್ಲಿ ಹೋಗಿ ಕೂರುತ್ತದೆ. ಒಂದೇ ಹುಡುಗ ಜನನ ಪತ್ರದಲ್ಲಿ ಒಂದು, ನಾಸಿಕ್‌ನ ಶಾಲೆಯಲ್ಲಿ ಒಂದು, ಬೆಂಗಳೂರಿನ ಕಾಲೇಜಿನಲ್ಲಿ ಇನ್ನೊಂದು ಹೆಸರಿನವನಾಗುತ್ತಾನೆ. ಇನ್ನು 2024ರ ಮೇ 1ರಿಂದ ಮಹಾರಾಷ್ಟ್ರದಲ್ಲಿ ಹುಟ್ಟಿದವರ ಸರ್ಕಾರಿ ದಾಖಲೆಗಳಲ್ಲಿ ತಾಯಿಯ ಹೆಸರೂ ಮಧ್ಯೆ ಬರಬೇಕು. ಒಳ್ಳೆಯ ನಿರ್ಧಾರ, ಆದರೆ ಅಣ್ಣನ ಹೆಸರಿನ ಕ್ರಮ ಒಂದು, ತಂಗಿಯದು ಇನ್ನೊಂದು ಆಗುತ್ತದೆ.

ಪಾಸ್‌ಪೋರ್ಟಿನಲ್ಲಿರುವ ಹೆಸರನ್ನು ಮೂಲವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸುವುದು ಜಾಣತನ. ಸಣ್ಣ ವ್ಯತ್ಯಾಸಕ್ಕೆ ಎರಡೂ ಹೆಸರಿನವರು ಒಬ್ಬರೇ ಎಂಬ ಅಫಿಡವಿಟ್ ಸಾಕಾಗಬಹುದು. ದೊಡ್ಡ ವ್ಯತ್ಯಾಸವಾದರೆ ರಾಜ್ಯ ಗೆಜೆಟ್‌ನಲ್ಲಿ ಹೆಸರು ಬದಲಾವಣೆ ಪ್ರಕಟಿಸಬೇಕಾಗುತ್ತದೆ. ಊರಿಗೆ ರಜೆಗೆ ಬಂದಾಗ ಇದನ್ನು ಮುಗಿಸಿಕೊಳ್ಳಿ.

ದೂತಾವಾಸದ ಕೆಲಸ

ಪಾಸ್‌ಪೋರ್ಟಿನ ಅವಧಿ ಮುಗಿದರೆ ಪೌರತ್ವ ಮುಗಿಯುವುದಿಲ್ಲ, ಆದರೆ ಅದನ್ನು ತೋರಿಸುವ ಸಾಧನ ಕೈಯಲ್ಲಿರುವುದಿಲ್ಲ. ಒಂದು ವರ್ಷ ಮುಂಚೆಯೇ ನವೀಕರಣಕ್ಕೆ ಹಾಕಬಹುದು. ಅರ್ಜಿಯಲ್ಲಿ ಕೊಡುವ ಭಾರತದ ವಿಳಾಸ ನಿಮ್ಮನ್ನು ಗುರುತಿಸಬಲ್ಲವರು ಇರುವ ಮನೆಯದಾಗಿರಲಿ. ಮಾರಿಹೋದ ಮನೆಯ ವಿಳಾಸ ಕೊಟ್ಟರೆ ಪೊಲೀಸರು ಹೋಗಿ ಇಲ್ಲಿ ಯಾರೂ ಇಲ್ಲ ಎಂದು ವರದಿ ಬರೆಯುತ್ತಾರೆ, ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿಯ ಪೊಲೀಸರಿಗೆ ದೂರು, ಆಮೇಲೆ ದೂತಾವಾಸ. ಹಳೆಯ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಪ್ರತಿ ಇದ್ದರೆ ನೀವು ಭಾರತೀಯರೆಂದು ಖಚಿತಪಡಿಸುವ ಕೆಲಸ ಬೇಗ ಆಗುತ್ತದೆ. ತುರ್ತಾಗಿ ಊರಿಗೆ ಬರಬೇಕಾದರೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಭಾರತಕ್ಕೆ ಒಂದು ಸಲ ಬರಲು ಮಾತ್ರ. ಪಾಸ್‌ಪೋರ್ಟಿನ ಆಧಾರದ ಮೇಲೆ ಜನನ ಪ್ರಮಾಣಪತ್ರವನ್ನೂ ಹಲವು ದೂತಾವಾಸಗಳು ಕೊಡುತ್ತವೆ. ಕೆಲವು ಕಡೆ ಅದು ನಡೆಯುತ್ತದೆ, ಕೆಲವು ಕಡೆ ಪಾಲಿಕೆಯ ಮೂಲ ಪತ್ರವೇ ಬೇಕೆನ್ನುತ್ತಾರೆ.

ಭಾರತದ ಕಾಗದವನ್ನು ಬೇರೆ ದೇಶ ಒಪ್ಪಬೇಕಾದರೆ ಅಪೊಸ್ಟಿಲ್ ಎಂಬ ದೃಢೀಕರಣ ಬೇಕಾಗಬಹುದು. ಮೊದಲು ರಾಜ್ಯ ಮಟ್ಟದ ದೃಢೀಕರಣ, ಅನಂತರ ವಿದೇಶಾಂಗ ಸಚಿವಾಲಯದ ಮುದ್ರೆ. ನಾಸಿಕ್‌ನ ಪತ್ರಕ್ಕೆ ಮಹಾರಾಷ್ಟ್ರದ ದೃಢೀಕರಣ, ಹುಬ್ಬಳ್ಳಿಯದಕ್ಕೆ ಕರ್ನಾಟಕದ್ದು. ಭಾರತ ಅಪೊಸ್ಟಿಲ್‌ನ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2005ರಲ್ಲಿ ಸೇರಿತು, ಕೆನಡಾದಲ್ಲಿ ಅದು 2024ರ ಜನವರಿಯಲ್ಲಿ ಜಾರಿಗೆ ಬಂತು. ಯುಎಇ ಈ ಒಪ್ಪಂದದಲ್ಲಿಲ್ಲ, ಅಲ್ಲಿಗೆ ಯುಎಇ ರಾಯಭಾರ ಕಚೇರಿಯ ದೃಢೀಕರಣ ಬೇರೆ. ಭಾರತ ಸೇರುವುದಕ್ಕೆ ಜರ್ಮನಿ ಆಕ್ಷೇಪ ದಾಖಲಿಸಿತ್ತು. ಆದ್ದರಿಂದ ಅಲ್ಲಿರುವವರು ಯಾವ ಬಗೆಯ ಪರಿಶೀಲನೆ ಬೇಕೆಂದು ಕಾಗದ ಕೇಳಿದ ಕಚೇರಿಯಲ್ಲೇ ವಿಚಾರಿಸಿ ಆಮೇಲೆ ಹಣ ಖರ್ಚು ಮಾಡಿ.

ಹೊರದೇಶದಲ್ಲಿ ಹುಟ್ಟಿದ ಮಗುವಿನ ವಿಷಯದಲ್ಲಿ ಒಂದು ಗಡುವನ್ನು ಮರೆಯಲೇಬಾರದು. 2004ರ ಡಿಸೆಂಬರ್‌ನಿಂದೀಚೆಗೆ ಹುಟ್ಟಿದ ಮಗು ಭಾರತದ ನಾಗರಿಕ ಆಗಬೇಕಾದರೆ ಒಂದು ವರ್ಷದೊಳಗೆ ದೂತಾವಾಸದಲ್ಲಿ ಜನನ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ಹೆತ್ತವರು ಬರೆದುಕೊಡಬೇಕು. ವರ್ಷ ದಾಟಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ದುಬೈ, ಮಸ್ಕತ್‌ನಲ್ಲಿ ಹುಟ್ಟಿದ ಮಗುವಿಗೆ ಆ ದೇಶದ ಪೌರತ್ವ ಸಿಗುವುದಿಲ್ಲ, ಹೀಗಾಗಿ ಅಲ್ಲಿ ಈ ಒಂದು ವರ್ಷ ಬಹಳ ಮುಖ್ಯ. ಅಮೆರಿಕದ ಪಾಸ್‌ಪೋರ್ಟ್ ಪಡೆದ ಮಗುವಿಗೆ ಒಸಿಐ ಮಾಡಿಸುತ್ತಾರೆ. ಹೆಸರಿನಲ್ಲಿ ನಾಗರಿಕ ಎಂಬ ಮಾತಿದ್ದರೂ ಒಸಿಐ ಪೌರತ್ವವಲ್ಲ, ಮತದಾನದ ಹಕ್ಕು ಅದರಿಂದ ಬರುವುದಿಲ್ಲ. ಹಾಗೆಯೇ ನೀವೇ ಬೇರೆ ದೇಶದ ಪೌರತ್ವ ಸ್ವೀಕರಿಸಿದ ಗಳಿಗೆಯಲ್ಲೇ ಭಾರತದ ಪೌರತ್ವ ಹೋಗುತ್ತದೆ. ಆಮೇಲೆ ಹಳೆಯ ಪಾಸ್‌ಪೋರ್ಟಿನಲ್ಲಿ ಓಡಾಡುವುದು ಅಪರಾಧ. ಅದನ್ನು ಒಪ್ಪಿಸಿ ಪ್ರಮಾಣಪತ್ರ ಪಡೆದುಕೊಳ್ಳಿ, ಮುಂದೆ ಒಸಿಐಗೆ ಅದನ್ನು ಕೇಳುತ್ತಾರೆ.

ಅಕ್ಕನ ಮಗಳ ಕೆಲಸ ಮುಗಿಯಲು ಏಳು ತಿಂಗಳು ಹಿಡಿಯಿತು. ಹುಬ್ಬಳ್ಳಿಯ ದಾಖಲೆಗೆ ಹೆಸರು ಸೇರಿತು, ಅದರ ಆಧಾರದ ಮೇಲೆ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಸ್ಥಳ ತಿದ್ದುಪಡಿಯಾಗಿ ಹೊಸ ಪುಸ್ತಕ ಬಂತು. ಅಕ್ಕ ಆ ಹಳದಿ ಚೀಟಿಯನ್ನು ಮತ್ತೆ ಅದೇ ಕವರಿಗೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದಾಳೆ, ಈ ಸಲ ಮೇಲೆಯೇ. ನಿಮ್ಮ ಮನೆಯಲ್ಲೂ ಅಂಥ ಟ್ರಂಕು ಇದ್ದರೆ ಈ ಭಾನುವಾರ ತೆಗೆದು ನೋಡಿ. ಹೊರದೇಶದಲ್ಲಿರುವ ಮಗನಿಗೋ ಮಗಳಿಗೋ ಫೋನು ಮಾಡಿ, ಅವರ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಯಾವುದೆಂದು ಬರೆದಿದೆ ಎಂದು ಕೇಳಿ.